ಮಾಯಕ್ಕನ ಭಂಡಾರ, ಮೀರಜಿನ ಚೀಟಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಕೃಷ್ಣೆ ಮತ್ತು ಅವಳ ಉಪನದಿಗಳು ಹರಿಯುವ ಈ ಗಡಿ ತಾಲ್ಲೂಕುಗಳ ಒಂದು ಮನೆಯಲ್ಲಿ ಸೊಸೆಯೊಬ್ಬಳು ಊಟ ಬಿಟ್ಟು, ನಿದ್ದೆಗೆಟ್ಟು, ಮಾತು ಕಡಿಮೆ ಮಾಡಿ ಮೂಲೆ ಹಿಡಿದು ಕೂತರೆ ಮನೆಯವರು ಅದನ್ನು ಖಿನ್ನತೆ ಎಂದು ಕರೆಯುವುದಿಲ್ಲ. ‘ಮನಸ್ಸಿಗಿ ಹಚಗೊಂಡಾಳ’ ಅನ್ನುತ್ತಾರೆ. ಇನ್ನೂ ಕೆಲವು ವಾರ ಕಳೆದರೆ ಮಾತು ಬದಲಾಗುತ್ತದೆ: ‘ಏನೋ ಕಾಡಾಟ ಐತಿ.’ ಅಲ್ಲಿಂದ ಅಲೆದಾಟ ಶುರು. ಮೊದಲು ಊರಲ್ಲೇ ಹೇಳಿಕೆ ಕೇಳುತ್ತಾರೆ, ಒಂದು ತಾಯತ ಕಟ್ಟಿಸುತ್ತಾರೆ. ಚಿಂಚಲಿಗೆ ಹೋಗಿ ಮಾಯಕ್ಕನ ಭಂಡಾರ ಹಣೆಗೆ ಹಚ್ಚಿಸಿಕೊಂಡು ಬರುತ್ತಾರೆ. ಗಡಿ ದಾಟಿ ನರಸೋಬವಾಡಿಗೆ ಹೋಗುತ್ತಾರೆ, ಮೀರಜಿನ ದರ್ಗಾಕ್ಕೆ ಹೋಗುತ್ತಾರೆ, ಅದೇ ಮೀರಜಿನ ದವಾಖಾನೆಗೂ ಹೋಗುತ್ತಾರೆ. ಯಾವುದಕ್ಕೂ ಬಗ್ಗದಿದ್ದರೆ ಧಾರವಾಡ. ಸರದಿ ಹೀಗೇ ಇರಬೇಕೆಂದಿಲ್ಲ. ಡಾಕ್ಟರು ಬರೆದ ಚೀಟಿ ಮತ್ತು ಭಂಡಾರದ ಪೊಟ್ಟಣ ಒಂದೇ ಚೀಲದಲ್ಲಿ ಓಡಾಡುತ್ತವೆ.

ಓದಿದವರು ಈ ಅಲೆದಾಟವನ್ನು ಎರಡು ಭಾಗ ಮಾಡಿ ನೋಡುವುದು ರೂಢಿ. ದೇವರ ಕಡೆ ಹೋದದ್ದು ಮೌಢ್ಯ, ದವಾಖಾನೆಗೆ ಹೋದದ್ದು ವಿಜ್ಞಾನ. ಇದಕ್ಕೆ ಎದುರಾಗಿ ಈಚೆಗೆ ಇನ್ನೊಂದು ಮಾತೂ ಕೇಳಿಬರುತ್ತಿದೆ: ನಮ್ಮ ಜನಪದ ವೈದ್ಯವೂ ಒಂದು ಬಗೆಯ ಮನೋಚಿಕಿತ್ಸೆಯೇ, ಅದನ್ನು ಹಳಿಯಬೇಡಿ ಎಂದು. ಗಡಿಭಾಗದ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಈ ಎರಡೂ ಮಾತು ಅರ್ಧಕ್ಕೇ ನಿಲ್ಲುತ್ತವೆ ಅನ್ನಿಸಿದೆ. ಅದನ್ನು ವಿವರಿಸಲು ಸ್ವಲ್ಪ ದೂರ ಹೋಗಿ ಬರಬೇಕು.

1936ರಲ್ಲಿ ಸಾಲ್ ರೋಸೆನ್‌ಝ್ವೈಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ನಾಲ್ಕೇ ಪುಟದ ಒಂದು ಲೇಖನ ಬರೆದ. ಆಗ ಅವನಿಗೆ 29 ವರ್ಷ. (ನನ್ನ ಓರಗೆಯವನು, ನನ್ನ ಮಹಾಪ್ರಬಂಧದ ಪುಟಗಳು ಮುನ್ನೂರು ದಾಟಿದರೂ ಮಾತು ಇನ್ನೂ ಮುಗಿದಿಲ್ಲ.) ಅಂದು ಫ್ರಾಯ್ಡನ ಶಿಷ್ಯರಿಗೂ ಅವನ ವಿರೋಧಿಗಳಿಗೂ ನಮ್ಮ ದಾರಿಯೇ ಸರಿ ಎಂಬ ಜಗಳ ನಡೆದಿತ್ತು. ರೋಸೆನ್‌ಝ್ವೈಗ್ ಕೇಳಿದ್ದು ಸರಳವಾದ ಪ್ರಶ್ನೆ. ಒಬ್ಬರ ಸಿದ್ಧಾಂತ ಇನ್ನೊಬ್ಬರದಕ್ಕೆ ತೀರ ವಿರುದ್ಧ, ಆದರೂ ಎಲ್ಲರ ಬಳಿಯೂ ಗುಣವಾದ ರೋಗಿಗಳಿದ್ದಾರೆ. ಹಾಗಿದ್ದರೆ ಗುಣಪಡಿಸಿದ್ದು ಸಿದ್ಧಾಂತವೋ, ಅಥವಾ ಎಲ್ಲರೂ ಅರಿವಿಲ್ಲದೆ ಮಾಡುತ್ತಿರುವ ಬೇರೇನೋ? ಆಲಿಸ್ ಎಂಬ ಹುಡುಗಿಯ ಅದ್ಭುತಲೋಕದ ಕತೆಯಲ್ಲಿ ಡೋಡೋ ಹಕ್ಕಿ ಓಟದ ಪಂದ್ಯ ನಡೆಸಿ ಕೊನೆಗೆ ಎಲ್ಲರನ್ನೂ ಗೆದ್ದವರೆಂದು ಸಾರುತ್ತದೆ. ಅವನು ಆ ಪ್ರಸಂಗವನ್ನು ಲೇಖನದ ತಲೆಯ ಮೇಲೆ ಇಟ್ಟ. ಇಂದಿಗೂ ಈ ವಾದಕ್ಕೆ ‘ಡೋಡೋ ತೀರ್ಪು’ ಎಂದೇ ಹೆಸರು.

ನಾಲ್ಕು ದಶಕದ ಮೇಲೆ ಲೆಕ್ಕವೂ ಬಂತು. 1977ರಲ್ಲಿ ಮೇರಿ ಸ್ಮಿತ್ ಮತ್ತು ಜೀನ್ ಗ್ಲಾಸ್ 375 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಚಿಕಿತ್ಸೆ ಪಡೆದ ಸರಾಸರಿ ವ್ಯಕ್ತಿ, ಪಡೆಯದವರಲ್ಲಿ ನೂರಕ್ಕೆ ಎಪ್ಪತ್ತೈದು ಮಂದಿಗಿಂತ ಉತ್ತಮ ಸ್ಥಿತಿಯಲ್ಲಿದ್ದ. ಆದರೆ ಒಂದು ಬಗೆಯ ಚಿಕಿತ್ಸೆಗೂ ಇನ್ನೊಂದಕ್ಕೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಕೆಲವು ಭಯಗಳಿಗೆ, ಗೀಳುಗಳಿಗೆ ಭಯದ ವಸ್ತುವನ್ನು ಹಂತಹಂತವಾಗಿ ಎದುರಿಸುವ ವಿಧಾನವೇ ಹೆಚ್ಚು ಫಲ ಕೊಡುತ್ತದೆ ಎಂದು ವಾದಿಸುವವರಿದ್ದಾರೆ, ಅವರ ಬಳಿಯೂ ಸಾಕಷ್ಟು ಆಧಾರವಿದೆ. ಆದರೂ ಬೇರೆ ಬೇರೆ ಚಿಕಿತ್ಸೆಗಳ ಒಳಗೆ ಒಂದೇ ಹುರಿಯಿದೆ ಎಂಬ ಮಾತು ಬಿದ್ದುಹೋಗಿಲ್ಲ.

ಆ ಹುರಿ ಯಾವುದು ಎಂದು ಚೆನ್ನಾಗಿ ಹೇಳಿದವನು ಜೆರೋಮ್ ಫ್ರ್ಯಾಂಕ್. 1961ರಲ್ಲಿ ಬಂದ ಅವನ ‘ಪರ್‌ಸುವೇಶನ್ ಆ್ಯಂಡ್ ಹೀಲಿಂಗ್’ ಪುಸ್ತಕದಲ್ಲಿ ವೈದ್ಯರ ಜೊತೆಗೆ ಬುಡಕಟ್ಟಿನ ಮಂತ್ರವಾದಿಗಳೂ ಇದ್ದಾರೆ, ಫ್ರಾನ್ಸಿನ ಲೂರ್ದ್ ಕ್ಷೇತ್ರಕ್ಕೆ ಹರಕೆ ಹೊತ್ತು ಹೋಗುವವರೂ ಇದ್ದಾರೆ. ಅವನ ಪ್ರಕಾರ ಮನಸ್ಸಿನ ಕಾಯಿಲೆ ಯಾವುದೇ ಇರಲಿ, ಚಿಕಿತ್ಸೆಗೆ ಬರುವವರೆಲ್ಲ ಎದೆಗುಂದಿದವರು. ನನ್ನಿಂದ ಇನ್ನೇನೂ ಆಗದು ಎಂಬಲ್ಲಿಗೆ ಬಂದು ನಿಂತವರು. ಅವರನ್ನು ಎಬ್ಬಿಸಲು ಎಲ್ಲ ಕಡೆಯೂ ನಾಲ್ಕು ಸಂಗತಿ ಕೂಡಿಬರಬೇಕು: ನಂಬಿ ಮನಬಿಚ್ಚಬಹುದಾದ ಒಬ್ಬರು, ಇಲ್ಲಿ ಗುಣವಾಗುತ್ತದೆ ಎಂದು ಹೆಸರಾದ ಒಂದು ಜಾಗ, ನಿನಗೆ ಹೀಗೇಕಾಯಿತು ಎಂದು ಅರ್ಥ ಮಾಡಿಸುವ ಒಂದು ಕತೆ, ಮತ್ತು ಆ ಕತೆಗೆ ಹೊಂದುವ, ಇಬ್ಬರೂ ಸೇರಿ ಮಾಡುವ ಒಂದು ಕ್ರಿಯೆ. ಕತೆ ಎಂದರೆ ಸುಳ್ಳು ಎಂದಲ್ಲ. ಫ್ರಾಯ್ಡನ ಅಪ್ರಜ್ಞೆಯೂ ಕತೆ, ಗಾಳಿ ಸೋಕಿದೆ ಎಂಬುದೂ ಕತೆ. ಹೆಸರಿಲ್ಲದ ಕಷ್ಟಕ್ಕೆ ಹೆಸರು ಸಿಕ್ಕ ಕೂಡಲೇ ಅದರ ಅರ್ಧ ಭಾರ ಇಳಿಯುತ್ತದೆ ಎಂಬುದು ಅವನ ಮಾತಿನ ತಾತ್ಪರ್ಯ.

ಈ ನಾಲ್ಕನ್ನು ಹಿಡಿದು ನಮ್ಮ ಕಡೆ ಬಂದರೆ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಕೃಷ್ಣಾ–ಪಂಚಗಂಗಾ ಸಂಗಮದ ನರಸೋಬವಾಡಿಯನ್ನೇ ನೋಡಿ. ಕೊಲ್ಲಾಪುರ ಜಿಲ್ಲೆಯ ಈ ದತ್ತ ಕ್ಷೇತ್ರಕ್ಕೆ ಬಾಧೆ ಬಿಡಿಸುವ ಜಾಗವೆಂದು ತಲೆಮಾರುಗಳಿಂದ ಹೆಸರು. ಆ ಹೆಸರೇ ಚಿಕಿತ್ಸೆಯ ಮೊದಲ ಗುಟುಕು. ಅಲ್ಲಿ ಪ್ರದಕ್ಷಿಣೆಗಳ ಲೆಕ್ಕವಿದೆ, ಪಾಲಕಿಯ ಹೊತ್ತಿದೆ, ಗುರುಚರಿತ್ರೆಯ ಪಾರಾಯಣವಿದೆ. ಕನ್ನಡ ಮನೆಮಾತಿನವನೆಂದು ಹೇಳಲಾಗುವ ಸರಸ್ವತಿ ಗಂಗಾಧರ ಮರಾಠಿಯಲ್ಲಿ ಬರೆದ ಆ ಗ್ರಂಥವನ್ನು ಏಳು ದಿನಕ್ಕೆ ಹಂಚಿಕೊಂಡು ಓದುತ್ತಾರೆ. ದಿನಕ್ಕೆ ಇಷ್ಟೇ ಅಧ್ಯಾಯ, ಇಂಥದ್ದೇ ಊಟ, ನೆಲದ ಮೇಲೆ ಮಲಗಬೇಕು. ಆರನ್ ಬೆಕ್ ರೂಪಿಸಿದ ಚಿಕಿತ್ಸೆಯಲ್ಲಿ ರೋಗಿಗೆ ದಿನವೂ ಮನೆಗೆಲಸ ಕೊಟ್ಟು, ಇಂತಿಷ್ಟು ಭೇಟಿ ಎಂದು ಮೊದಲೇ ಗೊತ್ತುಮಾಡುವುದನ್ನು ಓದಿದಾಗ ನನಗೆ ನೆನಪಾದದ್ದು ಈ ಸಪ್ತಾಹವೇ. ಎರಡರ ಒಳಗಿನ ವಿಚಾರ ಬೇರೆ. ಆದರೆ ದಿಕ್ಕು ತಪ್ಪಿದವರ ಕೈಗೆ ನಾಳೆ ಬೆಳಿಗ್ಗೆ ಮಾಡಬೇಕಾದ ಒಂದು ಕೆಲಸ ಕೊಡುವುದು ಎರಡರಲ್ಲೂ ಇದೆ.

ಚಿಂಚಲಿಯಲ್ಲಿ ಬೇರೆ ರೀತಿ. ಮಾಘದ ಹುಣ್ಣಿಮೆಯ ಜಾತ್ರೆಗೆ ಮಹಾರಾಷ್ಟ್ರದಿಂದಲೂ ಚಕ್ಕಡಿ ಕಟ್ಟಿಕೊಂಡು ಜನ ಬರುತ್ತಾರೆ. ಗಾಳಿಯೆಲ್ಲ ಭಂಡಾರದ ಹಳದಿ. ಮೈಮೇಲೆ ದೇವಿ ಬಂದವಳ ಮುಂದೆ, ಮನೆಯಲ್ಲಿ ಅತ್ತೆಯೆದುರು ಆಡಲಾಗದ ಮಾತು ಎಲ್ಲರ ಎದುರಿಗೇ ಹೊರಬರುತ್ತದೆ. ದೇವಿ ಆಡಿದ ಮಾತಾದ್ದರಿಂದ ಸಿಟ್ಟಾಗುವಂತಿಲ್ಲ. ಅಥಣಿಯ ಗಚ್ಚಿನಮಠದಲ್ಲಿ ಇದಕ್ಕೆ ತದ್ವಿರುದ್ಧವಾದ ಶಾಂತಿ. 1836ರಿಂದ 1921ರವರೆಗೆ ಬಾಳಿದ ಮುರುಘೇಂದ್ರ ಶಿವಯೋಗಿಗಳ ಹತ್ತಿರ ಸಂಸಾರದ ತಾಪ ಹೊತ್ತು ಬಂದವರ ಕತೆಗಳನ್ನು ಹಿರಿಯರು ಈಗಲೂ ಹೇಳುತ್ತಾರೆ. ಹೆಚ್ಚಿನವುಗಳಲ್ಲಿ ಪವಾಡಕ್ಕಿಂತ, ಕೂರಿಸಿಕೊಂಡು ಕೇಳಿದರು ಎಂಬುದೇ ಮುಖ್ಯ. ಮನೋವೈದ್ಯ ಜಸವಂತ್ ಸಿಂಗ್ ನೇಕಿ 1973ರಲ್ಲಿ ಬರೆದ ಲೇಖನದಲ್ಲಿ ಭಾರತೀಯ ರೋಗಿಗೆ ಗುರು–ಶಿಷ್ಯ ಸಂಬಂಧವೇ ಮನೋಚಿಕಿತ್ಸೆಯ ಮಾದರಿಯಾಗಬಹುದು ಎಂದಿದ್ದರು. ಅದು ಅಥಣಿಯವರಿಗೆ ಹೊಸ ಸುದ್ದಿಯಾಗುತ್ತಿರಲಿಲ್ಲ.

ಫ್ರ್ಯಾಂಕನ ಪಟ್ಟಿಯಲ್ಲಿ ನನಗೆ ಕಾಣುವ ಕೊರತೆ ಒಂದು. ಅವನ ಕಣ್ಣ ಮುಂದೆ ಮುಖ್ಯವಾಗಿ ಇರುವುದು ಎರಡು ಕುರ್ಚಿ, ಒಬ್ಬ ರೋಗಿ, ಒಬ್ಬ ವೈದ್ಯ. ನಮ್ಮಲ್ಲಿ ಕುರ್ಚಿಯ ಹಿಂದೆ ಅವ್ವ, ಕಾಕಾ, ಮಾವ, ಕೈಕೂಸು ಎಲ್ಲರೂ ನಿಂತಿರುತ್ತಾರೆ. ವಾಡಿಗಾಗಲಿ ಚಿಂಚಲಿಗಾಗಲಿ ರೋಗಿಯನ್ನು ಒಬ್ಬಳೇ ಕಳಿಸುವುದಿಲ್ಲ, ಬುತ್ತಿ ಕಟ್ಟಿಕೊಂಡು ಮನೆಮಂದಿ ಹೋಗುತ್ತಾರೆ. ಆಧುನಿಕ ಮನೋವೈದ್ಯ ಇದನ್ನು ಕಲಿತದ್ದು ತಡವಾಗಿ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅಂಗಳದಲ್ಲಿ ಡೇರೆ ಹಾಕಿಸಿ ಕುಟುಂಬದವರನ್ನು ರೋಗಿಯ ಜೊತೆಗೆ ಇರಿಸಿಕೊಂಡರು. ರೋಗಿಗಳು ಬೇಗ ಮನೆಗೆ ಮರಳಿದರು, ಮನೆಯವರ ಹೆದರಿಕೆಯೂ ಇಳಿಯಿತು. ವೆಲ್ಲೂರು ಮತ್ತು ಬೆಂಗಳೂರಿನಲ್ಲೂ ಈ ಪದ್ಧತಿ ಬೇರೂರಿತು.

ನಮ್ಮ ಜಿಲ್ಲೆಯವರಿಗೆ ಗೊತ್ತಿದ್ದ ಸರಕಾರಿ ಆಸ್ಪತ್ರೆಯ ಚಿತ್ರ ಮಾತ್ರ ಬೇರೆಯಿತ್ತು. ಮುಂಬಯಿ ಪ್ರಾಂತದ ಕಾಲದಲ್ಲಿ, 1845ರಲ್ಲಿ, ಧಾರವಾಡದಲ್ಲಿ ಹುಚ್ಚಾಸ್ಪತ್ರೆ ಶುರುವಾಯಿತು. 1912ರ ಕಾಯಿದೆಯ ಪ್ರಕಾರ ಅಂಥ ಕಡೆ ಸೇರಲು ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಆದೇಶ ಬೇಕು, ಅನೇಕರನ್ನು ಕರೆತರುತ್ತಿದ್ದವರು ಪೊಲೀಸರು. ಫ್ರ್ಯಾಂಕನ ನಾಲ್ಕು ಸಂಗತಿಗಳನ್ನು ಇಲ್ಲಿ ಹುಡುಕಿದರೆ ಒಂದೂ ಸಿಗುವುದಿಲ್ಲ. ನಂಬಿಕೆಯ ಜಾಗದಲ್ಲಿ ಲಾಠಿ, ಕತೆಯ ಜಾಗದಲ್ಲಿ ಒಂದು ನಮೂನೆ ಕಾಗದ. ‘ಇವನನ್ನ ಧಾರವಾಡಕ್ಕ ಕಳಸಬೇಕ’ ಎಂಬುದು ನಮ್ಮ ಕಡೆ ಇವತ್ತಿಗೂ ಬೈಗುಳವೇ. ಆ ಸಂಸ್ಥೆ ಈಗ ಡಿಮ್ಹಾನ್ಸ್ ಆಗಿದೆ, ಕಲಿಸುವ, ಕೇಳುವ, ಗುಣಪಡಿಸುವ ಆಸ್ಪತ್ರೆಯಾಗಿದೆ. ಆದರೆ ಹೆಸರಿಗೆ ಅಂಟಿದ ಭಯ ಹೋಗಿಲ್ಲ. ಕಾಗವಾಡದವರಿಗೆ ಇಪ್ಪತ್ತು ಕಿಲೋಮೀಟರಿನೊಳಗಿನ ಮೀರಜ ಹತ್ತಿರವೆನಿಸಲು ದಾರಿಯ ಅಳತೆಯೊಂದೇ ಕಾರಣವಲ್ಲ. 1894ರಲ್ಲಿ ವಿಲಿಯಂ ವಾನ್‌ಲೆಸ್ ಅಲ್ಲಿ ಕಟ್ಟಿದ ಮಿಷನ್ ಆಸ್ಪತ್ರೆಯಿಂದ ಮೊದಲಾಗಿ, ಮೀರಜ ಎಂದರೆ ಗುಣವಾಗುವ ಊರು ಎಂಬ ಹೆಸರು ನೂರು ವರ್ಷಕ್ಕೂ ಮಿಕ್ಕಿ ನಿಂತಿದೆ.

ಈ ವಿಷಯದ ಮೇಲೆ ಎರಡು ಮುಖ್ಯ ಕೆಲಸ ನಡೆದಿವೆ. ಮೊದಲನೆಯದು ಆಗ ದಕ್ಷಿಣ ಕನ್ನಡದಲ್ಲಿದ್ದ ಕೋಟದಲ್ಲಿ ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ರವೀಂದ್ರಲಾಲ್ ಕಪೂರ್ ಮಾಡಿದ ಅಧ್ಯಯನ. ಅದು 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಪುಸ್ತಕವಾಯಿತು. ಅಲ್ಲಿ ವೈದ್ಯರು, ಮಂತ್ರವಾದಿಗಳು, ಮೈಮೇಲೆ ದರ್ಶನ ಬರುವ ಪಾತ್ರಿಗಳು ಹೀಗೆ ಮೂರು ಬಗೆಯವರಿದ್ದರು. ಹೆಚ್ಚಿನ ರೋಗಿಗಳು ಇವರ ಬಳಿಗೂ ಹೋಗುತ್ತಿದ್ದರು, ಇಂಗ್ಲಿಷ್ ಔಷಧದ ಡಾಕ್ಟರ ಬಳಿಗೂ ಹೋಗುತ್ತಿದ್ದರು. ಓದು ಬರಹ ಬರುತ್ತದೋ ಇಲ್ಲವೋ ಎಂಬುದು ಈ ಆಯ್ಕೆಯನ್ನು ಬದಲಿಸಿರಲಿಲ್ಲ. ಎರಡನೆಯದನ್ನು ಬೆಂಗಳೂರಿನ ನಿಮ್ಹಾನ್ಸ್‌ನ ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಸಣ್ಣ ಗುಡಿಯಲ್ಲಿ ಮಾಡಿ 2002ರಲ್ಲಿ ಪ್ರಕಟಿಸಿದರು. ಅಲ್ಲಿ ತಂಗಿದ್ದವರು 31 ಮಂದಿ, ಸರಾಸರಿ ಆರು ವಾರ. ವಿಶೇಷ ಮಂತ್ರತಂತ್ರ ಏನೂ ಇಲ್ಲ, ಬೆಳಗಿನ ಪೂಜೆ, ಗುಡಿಯ ಸಣ್ಣಪುಟ್ಟ ಕೆಲಸ, ಜೊತೆಗೆ ಮನೆಯವರು. ಕಾಯಿಲೆಯ ಲಕ್ಷಣಗಳನ್ನು ಅಳೆಯುವ ಮಾಪನದಲ್ಲಿ ನೂರಕ್ಕೆ ಇಪ್ಪತ್ತರಷ್ಟು ಇಳಿಕೆ ಕಂಡಿತು. ಸಣ್ಣ ಅಧ್ಯಯನ, ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. ಆದರೂ ಗುಡಿ ಎಂದರೆ ಬರೀ ಮೋಸ ಎನ್ನುವವರ ಬಾಯಿ ಕಟ್ಟುವಷ್ಟು ಬಲ ಅದಕ್ಕಿದೆ.

ಇಲ್ಲಿಗೆ ನಿಲ್ಲಿಸಿದರೆ ಬರಹ ಎಲ್ಲರಿಗೂ ಹಿತವಾಗುತ್ತದೆ. ಡೋಡೋ ಹಕ್ಕಿ ಎಲ್ಲರಿಗೂ ಬಹುಮಾನ ಹಂಚಿಬಿಡುತ್ತದೆ. ಆದರೆ ಅಥಣಿ ತಾಲ್ಲೂಕಿನ ಕೊಕಟನೂರಿನಲ್ಲಿ ಎಲ್ಲಮ್ಮನ ಗುಡಿಯೂ ಇದೆ.

ದೇವದಾಸಿ ಪದ್ಧತಿಯ ಬಗ್ಗೆ ಬರೆದವರು ಬಡತನ, ಜಾತಿ, ಊರ ಸಾಹುಕಾರರ ಲಾಭ ಇವುಗಳನ್ನು ಸರಿಯಾಗಿಯೇ ಎತ್ತಿ ಹೇಳಿದ್ದಾರೆ. ಆದರೆ ಮುತ್ತು ಕಟ್ಟಿಸಿಕೊಂಡ ಹೆಂಗಸರನ್ನು ಮಾತಾಡಿಸಿದ ಸಂಶೋಧಕರ ಬರಹಗಳಲ್ಲಿ ಮತ್ತೆ ಮತ್ತೆ ಬರುವ ಇನ್ನೊಂದು ಕಾರಣವಿದೆ. ಮನೆಯಲ್ಲಿ ಯಾರಿಗೋ ವಾಸಿಯಾಗದ ಜಡ್ಡು, ಮೈಮೇಲೆ ತೊನ್ನು, ನಿಲ್ಲದ ಕೂಸುಗಳು, ತಲೆಯಲ್ಲಿ ಇದ್ದಕ್ಕಿದ್ದಂತೆ ಗಂಟುಕಟ್ಟಿದ ಜಡೆ. ಹೇಳಿಕೆ ಕೇಳಲು ಹೋದರೆ ಉತ್ತರ ಸಿದ್ಧ: ಎಲ್ಲವ್ವ ಕಾಡತಾಳ, ಮಗಳನ್ನ ಕೇಳತಾಳ. ಅಂದರೆ ಆ ಮನೆಯವರ ಮಟ್ಟಿಗೆ ಮುತ್ತು ಕಟ್ಟುವುದು ಒಂದು ಚಿಕಿತ್ಸೆಯಾಗಿತ್ತು.

ಫ್ರ್ಯಾಂಕನ ನಾಲ್ಕನ್ನು ಈಗ ಇಟ್ಟು ನೋಡಿ. ನಂಬಿಕೆಯ ವ್ಯಕ್ತಿ ಇದ್ದಾಳೆ, ತಾನೂ ಅದೇ ದಾರಿ ತುಳಿದು ಬಂದ ಹಿರಿಯ ಜೋಗತಿ. ಹೆಸರಾದ ಜಾಗ ಇದೆ, ಗುಡಿ ಇದೆ, ಹುಣ್ಣಿಮೆ ಇದೆ. ಕಷ್ಟಕ್ಕೆ ಅರ್ಥ ಕೊಡುವ ಕತೆ ಇದೆ. ಎಲ್ಲರೂ ಕೂಡಿ ಮಾಡುವ ಕ್ರಿಯೆ ಇದೆ. ಅದಾದ ಮೇಲೆ ಮನೆಯವರ ಎದೆ ಹಗುರಾದದ್ದೂ ನಿಜವೇ ಇರಬೇಕು. ಕೆಲವರ ಜಡ್ಡೂ ಇಳಿದಿರಬಹುದು. ಸಮಾನ ಅಂಶಗಳ ಸಿದ್ಧಾಂತದ ಲೆಕ್ಕದಲ್ಲಿ ಇದು ಒಳ್ಳೆಯ ಚಿಕಿತ್ಸೆ. ಗುಣವಾದದ್ದು ಅಪ್ಪನಿಗೆ, ಬೆಲೆ ತೆತ್ತದ್ದು ಎಂಟು ಹತ್ತು ವರ್ಷದ ಹುಡುಗಿ.

ಕತೆಯ ಅರ್ಥ ಎಲ್ಲರಿಗೂ ಒಂದೇ ಆಗಿರಲಿಲ್ಲ ಎಂಬುದು ಇನ್ನೂ ಗಮನಿಸಬೇಕಾದ ಸಂಗತಿ. ಅದೇ ಎಲ್ಲವ್ವನ ಕಾಡಾಟ ಮೇಲ್ಜಾತಿಯ ಉಳ್ಳವರ ಮನೆಯಲ್ಲಿ ಕಂಡರೆ ಬಹುಮಟ್ಟಿಗೆ ಸೀರೆ ಏರಿಸಿ, ಉಡಿ ತುಂಬಿ, ಹಡ್ಡಲಗಿ ತುಂಬಿಸಿ ಮುಗಿಯುತ್ತಿತ್ತು. ಮಗಳನ್ನು ಕೇಳುತ್ತಿದ್ದದ್ದು ಹೆಚ್ಚಾಗಿ ದಲಿತರ ಮನೆಯಲ್ಲಿ. ರೋಗದ ಹೆಸರು ಒಂದೇ, ಚಿಕಿತ್ಸೆಯನ್ನು ಬರೆಯುವಾಗ ಜಾತಿ ನೋಡಿ ಬರೆಯಲಾಗುತ್ತಿತ್ತು. ಮುಂಬಯಿ ಪ್ರಾಂತದ 1934ರ ಕಾಯಿದೆ ಇದನ್ನು ನಿಲ್ಲಿಸಲಿಲ್ಲ. ಕರ್ನಾಟಕದ 1982ರ ಕಾಯಿದೆಯ ನಂತರವೂ ಸರಕಾರ ಎರಡು ಸಮೀಕ್ಷೆಗಳಲ್ಲಿ ಗುರುತಿಸಿದ ದೇವದಾಸಿಯರ ಸಂಖ್ಯೆ ಒಟ್ಟು 46,660.

ಫ್ರ್ಯಾಂಕ್ ಇದಕ್ಕೆ ಕುರುಡನಾಗಿರಲಿಲ್ಲ. ಅವನ ಪುಸ್ತಕದಲ್ಲಿ ಚೀನಾದ ‘ಚಿಂತನೆ ಸುಧಾರಣೆ’ ಶಿಬಿರಗಳ ಪ್ರಸ್ತಾಪ ಸುಮ್ಮನೆ ಬಂದಿಲ್ಲ. ಕೈದಿಯ ಮನಸ್ಸು ತಿರುಗಿಸುವವರೂ ಇದೇ ಹತಾರುಗಳನ್ನೇ ಬಳಸುತ್ತಾರೆ ಎಂದು ಅವನಿಗೆ ತಿಳಿದಿತ್ತು. ಅವನನ್ನು ಉದ್ಧರಿಸಿ ಜನಪದ ವೈದ್ಯವನ್ನು ಕೊಂಡಾಡುವ ನಮ್ಮ ಸೆಮಿನಾರುಗಳಲ್ಲಿ ಆ ಅಧ್ಯಾಯದ ಹೆಸರು ಕೇಳಿದ ನೆನಪು ನನಗಿಲ್ಲ. ಎಲ್ಲ ಚಿಕಿತ್ಸೆಗಳಲ್ಲಿ ಸಮಾನವಾದದ್ದು ಏನು ಎಂದು ಹೇಳಿದಾಕ್ಷಣ ಅವೆಲ್ಲವೂ ಸಮ ಎಂದು ಆಗುವುದಿಲ್ಲ. ಗುಣವಾಗುವುದು ಹೇಗೆ ಎಂಬುದಕ್ಕೆ ಆ ಸಿದ್ಧಾಂತ ಉತ್ತರಿಸುತ್ತದೆ. ಯಾರ ಖರ್ಚಿನಲ್ಲಿ ಎಂಬುದನ್ನು ಅದು ಕೇಳುವುದೇ ಇಲ್ಲ. ಅದನ್ನು ಕೇಳಲು ಚರಿತ್ರೆಯೇ ಬೇಕು: ಆ ಕತೆಯನ್ನು ಮೊದಲು ಹೇಳಿದವರು ಯಾರು, ಅದನ್ನು ಒಪ್ಪದೆ ಎದ್ದು ಹೋಗುವ ದಾರಿ ಯಾರಿಗೆ ಇತ್ತು, ಯಾರಿಗೆ ಇರಲಿಲ್ಲ. ಈ ಪ್ರಶ್ನೆಯನ್ನು ಎರಡು ಕುರ್ಚಿಯ ಕೋಣೆಗೂ ಕೇಳಬೇಕು. ಗಂಡ ಹೊಡೆಯುತ್ತಾನೆ ಎಂದು ನಿದ್ದೆಗೆಟ್ಟವಳಿಗೆ ನಿನ್ನ ಆಲೋಚನೆಯ ಧಾಟಿ ಬದಲಿಸಿಕೋ ಎಂದು ಕಲಿಸುವ ಚಿಕಿತ್ಸೆ ಕೂಡ ಬೆಲೆಯನ್ನು ತಪ್ಪು ಜಾಗದಿಂದಲೇ ವಸೂಲಿ ಮಾಡುತ್ತದೆ.

ಕೊಕಟನೂರಿನ ಮಾತು ಮುಗಿಸುವ ಮೊದಲು ಒಂದು ಸಂಗತಿ. ಈ ಭಾಗದಲ್ಲಿ ಆ ಕತೆಯನ್ನು ಮುರಿಯಲು ಮುಂದೆ ಬಂದವರಲ್ಲಿ ಮಾಜಿ ದೇವದಾಸಿಯರೇ ಇದ್ದರು. 1997ರಲ್ಲಿ ಘಟಪ್ರಭಾದಲ್ಲಿ ಅವರು ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಎಂದು ಸಂಘ ಕಟ್ಟಿಕೊಂಡರು. ಗಡಿಯ ಎರಡೂ ಬದಿಯಲ್ಲಿ ಕಾರ್ಯಕರ್ತರು ಜಡೆ ಕತ್ತರಿಸುವ ಕೆಲಸವನ್ನೂ ಮಾಡಿದ್ದಾರೆ. ನೋಡಲು ಅದು ಸುಲಭದ ಕೆಲಸ, ಕತ್ತರಿ ಸಾಕು. ಆದರೆ ಕತ್ತರಿ ತಾಗಿದರೆ ದೇವಿ ಸಾಯಿಸುತ್ತಾಳೆ ಎಂದು ನಡುಗುವವಳ ಪಕ್ಕದಲ್ಲಿ ಕೂರಬೇಕು, ಇದು ಎಣ್ಣೆ ನೀರು ಕಾಣದ ಕೂದಲು ಹೆಣೆದುಕೊಂಡದ್ದು ಎಂದು ತಾಳ್ಮೆಯಿಂದ ಹೇಳಬೇಕು, ಕತ್ತರಿಸಿದ ಮೇಲೂ ಏನೂ ಆಗುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗುವವರೆಗೆ ಬಂದು ಹೋಗುತ್ತಿರಬೇಕು. ನಂಬಿಕೆಯ ವ್ಯಕ್ತಿ, ಕತೆ, ಕ್ರಿಯೆ ಎಲ್ಲವೂ ಇಲ್ಲಿಯೂ ಇವೆ. ಭಯವನ್ನು ಎದುರಿಸಿ ನೋಡುವುದೂ ಇದೆ. ಇದನ್ನು ಯಾರೂ ಮನೋಚಿಕಿತ್ಸೆ ಎಂದು ಕರೆದಿಲ್ಲ, ನನಗೆ ಹಾಗೆ ಕರೆಯಲು ಸಂಕೋಚವಿಲ್ಲ.

ಕಾನೂನು ಈಚೆಗೆ ಇದೇ ಗೆರೆಯನ್ನು ತನ್ನ ಒರಟು ಭಾಷೆಯಲ್ಲಿ ಎಳೆಯಲು ನೋಡಿದೆ. ನರೇಂದ್ರ ದಾಭೋಲ್ಕರ್ 2013ರ ಆಗಸ್ಟಿನಲ್ಲಿ ಪುಣೆಯಲ್ಲಿ ಕೊಲೆಯಾದ ಮೇಲೆ ಮಹಾರಾಷ್ಟ್ರದಲ್ಲಿ ಕಾಯಿದೆ ಬಂತು. ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯಿದೆ 2017ರದ್ದು, ಜಾರಿಯಾದದ್ದು 2020ರಲ್ಲಿ. ಎರಡೂ ಕಾಯಿದೆಗಳು ಹರಕೆ, ಪೂಜೆ, ಪ್ರದಕ್ಷಿಣೆಗಳನ್ನು ಮುಟ್ಟುವುದಿಲ್ಲ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದು ಅಪರಾಧ. ಮಾಯಕ್ಕನ ಭಂಡಾರಕ್ಕೆ ಅಡ್ಡಿಯಿಲ್ಲ, ಬೆತ್ತಕ್ಕೆ ಅಡ್ಡಿಯಿದೆ. ಇಷ್ಟು ಸಾಲದು ಎನ್ನುವವರಿದ್ದಾರೆ, ಇದೇ ಹೆಚ್ಚಾಯಿತು ಎನ್ನುವವರೂ ಇದ್ದಾರೆ. ನನಗೆ ಗೆರೆ ಎಳೆದ ಜಾಗ ಸರಿಯಾಗಿದೆ ಅನ್ನಿಸುತ್ತದೆ. ಆದರೆ ಬೆತ್ತ ಬಿಡಿಸಿಕೊಂಡ ಮೇಲೆ ಆ ರೋಗಿಯನ್ನು ಕೇಳಿಸಿಕೊಳ್ಳುವವರು ಯಾರು ಎಂಬುದನ್ನು ಕಾಯಿದೆ ಹೇಳಲಾರದು.

ಆ ಕೆಲಸಕ್ಕೆ ರಾಜ್ಯ ಸರಕಾರ ಹಾಕಿಕೊಂಡದ್ದು ‘ಮನೋಚೈತನ್ಯ’ ಕಾರ್ಯಕ್ರಮ. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬಂದು ಕೂರಬೇಕೆಂಬುದು ಅದರ ಯೋಜನೆ. ಧಾರವಾಡದವರೆಗೆ ಹೋಗಬೇಕಿಲ್ಲ, ಆ ಹೆಸರಿನ ಹೆದರಿಕೆಯೂ ಇಲ್ಲ. ತೀವ್ರವಾದ ಚಿತ್ತವಿಕಾರಕ್ಕೆ ಮಾತ್ರೆ ಬೇಕೇ ಬೇಕು, ಅದು ಸಿಗಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಒಬ್ಬೊಬ್ಬ ರೋಗಿಗೆ ಸಿಗುವ ಕೆಲವೇ ನಿಮಿಷದಲ್ಲಿ ಫ್ರ್ಯಾಂಕನ ನಾಲ್ಕು ಸಂಗತಿಗಳಲ್ಲಿ ಎಷ್ಟು ಹಿಡಿಸೀತು ಎಂಬುದು ಬೇರೆ ಮಾತು. ಅಂದಹಾಗೆ ಮಂಗಳವಾರ ಎಲ್ಲವ್ವನ ವಾರವೂ ಹೌದು, ಜೋಗತಿಯರು ಹಡ್ಡಲಗಿ ಹೊತ್ತು ಮನೆಮನೆಗೆ ಬರುವ ದಿನ. ದಿನ ಗೊತ್ತುಮಾಡಿದ ಅಧಿಕಾರಿಗಳಿಗೆ ಇದು ಹೊಳೆದಿರಲಿಕ್ಕಿಲ್ಲ. ಆಸ್ಪತ್ರೆಯ ಕಟ್ಟೆಯ ಮೇಲೆ ಸರದಿಗೆ ಕಾದು ಕೂತವರಲ್ಲಿ ಕೆಲವರಾದರೂ ಬೆಳಿಗ್ಗೆ ಆ ಹಡ್ಡಲಗಿಗೆ ಒಂದು ಹಿಡಿ ಜೋಳದ ಹಿಟ್ಟು ಹಾಕಿಯೇ ಬಸ್ಸು ಹತ್ತಿರುತ್ತಾರೆ.